ಕುದುರೆಗೆ ಹಾಕಿಸಿದ್ದು ಲಸಿಕೆಯೋ, ಬರೀ ಸೂಜಿಯೋ?

ಎಲ್ಲರಿಗೂ ನಮಸ್ಕಾರ.

ಮೈಸೂರಿನ ಟಾಂಗಾದವರಿಗಾಗಿ ಕುದುರೆಯ ಧನುರ್ವಾಯು ಬಗ್ಗೆ ಒಂದು ಪುಟದ ಕರಪತ್ರ ಬರೆಯುತ್ತಿದ್ದೇನೆ. ಒಂದು ಪದದ ಹತ್ತಿರ ಬಂದು ನಿಂತಿದೆ.

ಹೋದ ವಾರ ಒಬ್ಬರ ಕುದುರೆಯ ಗೊರಸಿಗೆ ಲಾಳದ ಮೊಳೆ ಜಾಸ್ತಿ ಒಳಗೆ ಇಳಿದಿತ್ತು. ಧನುರ್ವಾಯುಗೆ ಹಾಕಿಸಿದ್ದೀರಾ ಅಂತ ಕೇಳಿದೆ. "ಹೋದ ವರ್ಷ ಗಾಯ ಆದಾಗಲೇ ಸೂಜಿ ಹಾಕ್ಸಿದೀನಲ್ಲ ಸಾರ್" ಅಂದರು. ಚೀಟಿ ನೋಡಿದರೆ ಅದು ಆಂಟಿಟಾಕ್ಸಿನ್. ಲಸಿಕೆ ಅಲ್ಲವೇ ಅಲ್ಲ.

ಲಸಿಕೆ ಅಂದರೆ ಟಾಕ್ಸಾಯ್ಡ್. ರೋಗಾಣುವಿನ ವಿಷದ ಕೆಡುಕು ತೆಗೆದು ಅದನ್ನು ಮಾಡುತ್ತಾರೆ. ವಿಷವನ್ನು ಎದುರಿಸಲು ಕುದುರೆಯ ಮೈ ತಾನೇ ಕಲಿಯುತ್ತದೆ. ಮೊದಲು 4ರಿಂದ 6 ವಾರದ ಅಂತರದಲ್ಲಿ 2 ಸಲ, ಆಮೇಲೆ ವರ್ಷಕ್ಕೊಮ್ಮೆ ಹಾಕಿಸಬೇಕು. ಆಂಟಿಟಾಕ್ಸಿನ್ ಹಾಗಲ್ಲ. ಮೊದಲೇ ಲಸಿಕೆ ಪಡೆದ ಬೇರೆ ಕುದುರೆಯ ರಕ್ತದಿಂದ ತೆಗೆದದ್ದು ಅದು. ಬೇಗ ಕೆಲಸ ಮಾಡುತ್ತದೆ, ಕೆಲವೇ ವಾರಗಳಲ್ಲಿ ಬಲ ಮುಗಿಯುತ್ತದೆ. ಈ ಕಾಯಿಲೆಯ ಬೀಜಾಣು ಲದ್ದಿಯಲ್ಲಿ, ಲಾಯದ ಮಣ್ಣಿನಲ್ಲೇ ಇರುತ್ತದೆ. ಲಸಿಕೆ, ಆಂಟಿಟಾಕ್ಸಿನ್ ಎರಡಕ್ಕೂ "ಸೂಜಿ", "ಚುಚ್ಚುಮದ್ದು" ಅಂದುಬಿಟ್ಟರೆ, ಬಲ ಮುಗಿದ ಮೇಲೂ ಲಸಿಕೆ ಆಗಿದೆ ಅಂದುಕೊಂಡು ಸುಮ್ಮನಿರುತ್ತಾರೆ; ಕುದುರೆಯ ಜೀವಕ್ಕೇ ಕುತ್ತು.

ಧನುರ್ವಾಯು ಅನ್ನುವ ಹೆಸರೂ ಕುದುರೆಗೆ ಅಷ್ಟು ಹೊಂದುವುದಿಲ್ಲ. ಮನುಷ್ಯರ ಬೆನ್ನು ಬಿಲ್ಲಿನ ಹಾಗೆ ಬಾಗುತ್ತದೆ, ಸರಿ. ಕುದುರೆಯಾದರೆ ಕಿವಿ ನಿಮಿರಿ, ಬಾಲ ಎತ್ತಿ, ನಾಲ್ಕೂ ಕಾಲು ಅಗಲಿಸಿ ಮರದ ಕುದುರೆ ಹಾಗೆ ಸೆಟೆದು ನಿಲ್ಲುತ್ತದೆ. ಕಣ್ಣಿನ ಒಳಮೂಲೆಯಿಂದ ಪೊರೆಯೊಂದು ಮುಂದಕ್ಕೆ ಸರಿಯುತ್ತದೆ. ಒಮ್ಮೆ ನೋಡಿದವರು ಮರೆಯಲ್ಲ. "ಸೆಟೆ" ಸೇರಿಸಿದ ಹೆಸರು ಯಾರ ಬಾಯಲ್ಲಾದರೂ ಕೇಳಿದ್ದೀರಾ?

ಸಿಡುಬಿನ ಕಾಲದಲ್ಲಿ ನಮ್ಮ ಹಿರಿಯರು "ದೇವಿ ಹಾಕಿಸೋದು" ಅನ್ನುತ್ತಿದ್ದರು. ರೋಗ ಬರುವ ಮೊದಲೇ ಮಾಡಿಸುವ ಕೆಲಸ ಅನ್ನುವುದು ಆ ಮಾತಿನಲ್ಲೇ ಗೊತ್ತಾಗುತ್ತಿತ್ತು. "ಸೂಜಿ"ಯಲ್ಲಿ ಅದು ಕಳೆದುಹೋಗಿದೆ, ಅಲ್ವಾ?

ಆಂಟಿಟಾಕ್ಸಿನ್‌ಗೆ "ಪ್ರತಿವಿಷ" ಅನ್ನಬಹುದು. ಆದರೆ ಹಾವಿನ ಕಡಿತದ ಮದ್ದಿಗೂ ಅದೇ ಪದ ಬಳಕೆಯಲ್ಲಿದೆ. ಸದ್ಯಕ್ಕೆ "ವರ್ಷದ ಸೂಜಿ", "ಗಾಯದ ಸೂಜಿ" ಅಂತ ಬರೆದಿದ್ದೇನೆ. ಟಾಂಗಾದವರಿಗೆ ಓದಿ ಹೇಳಿದಾಗ ತಕ್ಷಣ ಅರ್ಥವಾಯಿತು. ಒಂದೇ ತೊಡಕು. ಮೊದಲೇ ಲಸಿಕೆ ಆಗಿರುವ ಕುದುರೆಗೆ ಗಾಯವಾದಾಗ ಟಾಕ್ಸಾಯ್ಡನ್ನೇ ಇನ್ನೊಂದು ಸಲ ಕೊಡುವುದುಂಟು. ಆಗ ಅದೂ "ಗಾಯದ ಸೂಜಿ" ಆಗಿಬಿಡುತ್ತದೆ.

ಕುಣಿಗಲ್ ಕಡೆಯವರು, ಕುದುರೆ ಸಾಕಿದ ಮನೆಯವರು ಇದ್ದರೆ ದಯವಿಟ್ಟು ಹೇಳಿ. ನಿಮ್ಮಲ್ಲಿ ಈ ಎರಡನ್ನು ಬೇರೆ ಬೇರೆ ಹೆಸರಿನಿಂದ ಕರೆಯುತ್ತಾರಾ?