ಸ್ವಂತ ಅಥಾರಿಟಿಯ ಟ್ರಕ್ಕಿಗೆ ಇನ್ಶೂರೆನ್ಸ್ ಎಷ್ಟು, ರಾಜ್ಯಕ್ಕೆ ಯಾವ ಫೈಲಿಂಗ್?

ಪ್ರಶ್ನೆ

ನಮಸ್ಕಾರ. ಇರುವುದು ಅಮೆರಿಕದ ಟೆಕ್ಸಾಸ್‌ನಲ್ಲಿ, ಡಲ್ಲಾಸ್ ಹತ್ತಿರ. ಸಿಡಿಎಲ್ (ಕಮರ್ಷಿಯಲ್ ಡ್ರೈವಿಂಗ್ ಲೈಸೆನ್ಸ್) ಬಂದು 14 ತಿಂಗಳಾಯಿತು. ಎಲ್‌ಎಲ್‌ಸಿ (ಸ್ವಂತ ಕಂಪನಿ) ಆಗಿದೆ, ಡಾಟ್ ನಂಬರ್ (ಫೆಡರಲ್ ನೋಂದಣಿ) ಮತ್ತು ಎಂಸಿ ಅಥಾರಿಟಿಗೆ (ಬಾಡಿಗೆಗೆ ಸರಕು ಒಯ್ಯುವ ಫೆಡರಲ್ ಅನುಮತಿ) ಅರ್ಜಿ ಹಾಕಬೇಕು. 2019ರ ಫ್ರೈಟ್‌ಲೈನರ್ ಕ್ಯಾಸ್ಕೇಡಿಯಾ, 53 ಅಡಿ ಡ್ರೈ ವ್ಯಾನ್. ಒಬ್ಬ ಏಜೆಂಟರು ವರ್ಷಕ್ಕೆ 13,400 ಡಾಲರ್ ಅಂದರು, ಇನ್ನೊಬ್ಬರು 21,000. ಅದೇ ಟ್ರಕ್ಕು, ಅದೇ ಡ್ರೈವರು, ಇಷ್ಟು ಫರಕು ಯಾಕೆ? ಕಾನೂನಿಗೆ 7,50,000 ಡಾಲರ್ ಲಯಬಿಲಿಟಿ (ಬೇರೆಯವರಿಗಾದ ಗಾಯ, ನಷ್ಟದ ಕವರ್) ಸಾಕು ಅಂತಾರೆ, ನಿಜವಾ? ಕೆಲವು ಲೋಡು ಟೆಕ್ಸಾಸ್ ಒಳಗೇ ಓಡುತ್ತವೆ. ಅದಕ್ಕೆ ಬೇರೆ ಕಾಗದ ಬೇಕಾ?

ಉತ್ತರ: ಕಮರ್ಷಿಯಲ್ ಇನ್ಶೂರೆನ್ಸ್ ಏಜೆಂಟ್

ಸರ್, ಊರಲ್ಲಿ, ಅಂದರೆ ಭಾರತದಲ್ಲಿ, ಲಾರಿಯ ಥರ್ಡ್ ಪಾರ್ಟಿ ದರವನ್ನು ತೂಕ ನೋಡಿ ಸರ್ಕಾರವೇ ಗೊತ್ತುಮಾಡುತ್ತದೆ, ಯಾವ ಕಂಪನಿಗೆ ಹೋದರೂ ಅಷ್ಟೇ. ಇಲ್ಲಿ ಆ ಲೆಕ್ಕ ಬಿಟ್ಟುಬಿಡಿ. ಪ್ರತಿ ಕಂಪನಿ ತನ್ನದೇ ಲೆಕ್ಕದಲ್ಲಿ ದರ ಕಟ್ಟುತ್ತದೆ. ಡ್ರೈವರ್‌ಗೆ ಸಿಡಿಎಲ್ ಆಗಿ ಎಷ್ಟು ವರ್ಷ, ಎಂವಿಆರ್‌ನಲ್ಲಿ (ಡ್ರೈವಿಂಗ್ ದಾಖಲೆಯಲ್ಲಿ) ಟಿಕೆಟ್ ಎಷ್ಟು, ಟ್ರಕ್ಕು ರಾತ್ರಿ ನಿಲ್ಲುವ ಜಾಗದ ಜಿಪ್ ಕೋಡ್, ಅಲ್ಲಿಂದ ಎಷ್ಟು ಮೈಲಿ ದೂರದವರೆಗೆ ಓಡುತ್ತೀರಿ (ರೇಡಿಯಸ್), ಏನು ಸರಕು. ಎರಡು ವರ್ಷ ತುಂಬದ ಸಿಡಿಎಲ್, ಜೊತೆಗೆ ಹೊಸ ಅಥಾರಿಟಿ ಅಂದರೆ ಎಷ್ಟೋ ಕಂಪನಿಗಳು ಕೋಟ್ ಕೊಡುವುದೇ ಇಲ್ಲ. ಕೊಡುವವರು ಜಾಸ್ತಿ ಹೇಳುತ್ತಾರೆ.

ಅಂದಾಜಿಗೆ ಒಂದು ಅಳತೆಗೋಲು ಇದೆ. ಅಮೆರಿಕನ್ ಟ್ರಾನ್ಸ್‌ಪೋರ್ಟೇಶನ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಲೆಕ್ಕದಲ್ಲಿ 2023ರ ಇನ್ಶೂರೆನ್ಸ್ ಖರ್ಚು ಮೈಲಿಗೆ 9.9 ಸೆಂಟ್. ಲಕ್ಷ ಮೈಲಿ ಓಡಿದರೆ 9,900 ಡಾಲರ್. ಅದು ಹಳೆಯ, ದಾಖಲೆ ಇರುವ ಫ್ಲೀಟ್‌ಗಳನ್ನೂ ಸೇರಿಸಿದ ಸರಾಸರಿ. ಹೊಸಬರಿಗೆ ಅದಕ್ಕಿಂತ ಕಡಿಮೆಗೆ ಎಲ್ಲವೂ ಸೇರಿ ಸಿಗುತ್ತದೆ ಅಂದರೆ ನನಗಂತೂ ಅನುಮಾನ ಬರುತ್ತದೆ.

ನಿಮ್ಮ ಎರಡು ಕೋಟ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿ, ಒಟ್ಟು ಮೊತ್ತ ಆಮೇಲೆ. ಮೊದಲು ಲಯಬಿಲಿಟಿ 7,50,000ವೋ ಒಂದು ಮಿಲಿಯನ್ನೋ. ಕಾರ್ಗೋ (ಸರಕಿನ ನಷ್ಟದ ಕವರ್) ಇದೆಯಾ, ಇದ್ದರೆ ಎಷ್ಟು, ಯಾವ ಸರಕನ್ನು ಹೊರಗಿಟ್ಟಿದ್ದಾರೆ. ಎಲೆಕ್ಟ್ರಾನಿಕ್ಸ್, ಮದ್ಯ, ತಾಮ್ರ ಇವೆಲ್ಲ ಸಣ್ಣಕ್ಷರದಲ್ಲಿ ಹೊರಗೆ ಹೋಗಿರುತ್ತವೆ. ಫಿಸಿಕಲ್ ಡ್ಯಾಮೇಜ್‌ಗೆ (ನಿಮ್ಮದೇ ಟ್ರಕ್ಕಿನ ಹಾನಿಗೆ) ಟ್ರಕ್ಕಿನ ಬೆಲೆ ಎಷ್ಟೆಂದು ಬರೆದಿದ್ದಾರೆ, ಡಿಡಕ್ಟಿಬಲ್ (ಕ್ಲೇಮ್‌ನಲ್ಲಿ ನೀವೇ ಭರಿಸುವ ಮೊತ್ತ) ಎಷ್ಟು. ಟ್ರೇಲರ್ ನಿಮ್ಮದಲ್ಲದಿದ್ದರೆ ಅದಕ್ಕೆ ಬೇರೆ ಕವರ್ ಇದೆಯಾ. ಕೊನೆಗೆ ರೇಡಿಯಸ್. 300 ಮೈಲಿ ಅಂತ ಬರೆಸಿ ಅಟ್ಲಾಂಟಕ್ಕೆ ಲೋಡ್ ಹಾಕಿಕೊಂಡು ಹೋದರೆ ಕ್ಲೇಮ್ ದಿನ ಗೊತ್ತಾಗುತ್ತದೆ. ಇಎಲ್‌ಡಿ (ಟ್ರಕ್ಕಿನಲ್ಲಿರುವ ಎಲೆಕ್ಟ್ರಾನಿಕ್ ಲಾಗ್ ಯಂತ್ರ) ಮತ್ತು ಇಫ್ಟಾ (ರಾಜ್ಯಗಳ ನಡುವೆ ಹಂಚುವ ಇಂಧನ ತೆರಿಗೆ) ಮೈಲಿಗಳನ್ನು ಕಂಪನಿ ಕೇಳಿ ತರಿಸಿಕೊಳ್ಳಬಹುದು, ಮುಚ್ಚಿಡಲಾಗುವುದಿಲ್ಲ.

7,50,000ದ ಮಾತು ನಿಜವೇ. 10,001 ಪೌಂಡ್ ಅಥವಾ ಅದಕ್ಕಿಂತ ಹೆಚ್ಚಿನ ತೂಕದ ಟ್ರಕ್ಕಿನಲ್ಲಿ, ಅಪಾಯಕಾರಿಯಲ್ಲದ ಸರಕನ್ನು ಬಾಡಿಗೆಗೆ ರಾಜ್ಯದಿಂದ ರಾಜ್ಯಕ್ಕೆ ಒಯ್ಯುವವರಿಗೆ ಫೆಡರಲ್ ಕನಿಷ್ಠ ಅದು. 1980ರ ಮೋಟರ್ ಕ್ಯಾರಿಯರ್ ಕಾಯ್ದೆಯಿಂದ ಬಂದದ್ದು, 1985ರಿಂದ ಬದಲಾಗಿಲ್ಲ. ಎಣ್ಣೆ ಮತ್ತು ಕೆಲವು ಅಪಾಯಕಾರಿ ತ್ಯಾಜ್ಯಕ್ಕೆ ಒಂದು ಮಿಲಿಯನ್, ಅತಿ ಅಪಾಯದ ಸರಕಿಗೆ ಐದು ಮಿಲಿಯನ್. ಆದರೆ ಲೋಡ್ ಕೊಡಿಸುವ ಬ್ರೋಕರ್‌ಗಳು ಸಾಮಾನ್ಯವಾಗಿ ಒಂದು ಮಿಲಿಯನ್ ಲಯಬಿಲಿಟಿ, ಒಂದು ಲಕ್ಷ ಕಾರ್ಗೋ ಇಲ್ಲದೆ ಸೆಟಪ್ ಪ್ಯಾಕೆಟ್ (ನಿಮ್ಮನ್ನು ಸೇರಿಸಿಕೊಳ್ಳುವ ಕಾಗದ) ಮುಟ್ಟುವುದಿಲ್ಲ. ಸಾಮಾನ್ಯ ಸರಕಿಗೆ ಕಾರ್ಗೋ ಫೈಲಿಂಗ್ ಬೇಕೆಂಬ ಫೆಡರಲ್ ನಿಯಮ 2011ರಲ್ಲೇ ಹೋಯಿತು, ಬ್ರೋಕರ್ ಕೇಳುವುದು ಹೋಗಲಿಲ್ಲ.

ಇನ್ನು ಹೆಚ್ಚಿನವರು ಎಡವುವ ಜಾಗ. ಪಾಲಿಸಿ ಬೇರೆ, ಫೈಲಿಂಗ್ ಬೇರೆ. ಪಾಲಿಸಿ ನಿಮ್ಮ ಕೈಲಿದ್ದರೂ ಬಿಎಂಸಿ-91 ಅಥವಾ 91ಎಕ್ಸ್ (ಲಯಬಿಲಿಟಿ ಇದೆ ಎಂಬ ಫಾರ್ಮ್) ಅನ್ನು ಇನ್ಶೂರೆನ್ಸ್ ಕಂಪನಿ ಎಫ್‌ಎಂಸಿಎಸ್‌ಎಗೆ (ಟ್ರಕ್ ಸಾಗಣೆ ನೋಡುವ ಫೆಡರಲ್ ಸಂಸ್ಥೆಗೆ) ಆನ್‌ಲೈನ್ ಹಾಕುವವರೆಗೂ ಅಥಾರಿಟಿ ಆಕ್ಟಿವ್ ಆಗುವುದಿಲ್ಲ. ಜೊತೆಗೆ ಬಿಒಸಿ-3, ಅಂದರೆ ಪ್ರತಿ ರಾಜ್ಯದಲ್ಲೂ ನಿಮ್ಮ ಪರವಾಗಿ ಕೋರ್ಟ್ ಕಾಗದ ತೆಗೆದುಕೊಳ್ಳುವವರ ಪಟ್ಟಿ. ಅರ್ಜಿ ಶುಲ್ಕ 300 ಡಾಲರ್, ವಾಪಸ್ ಬರುವುದಿಲ್ಲ. ಅರ್ಜಿಯ ವಿಷಯ ಪ್ರಕಟವಾದ ಮೇಲೆ ಆಕ್ಷೇಪಣೆಗೆ 10 ದಿನ. ಪಾಲಿಸಿಯನ್ನು ಅರ್ಜಿ ಹಾಕಿದ ದಿನವೇ ಬೈಂಡ್ ಮಾಡಿದರೆ (ಜಾರಿಗೆ ತಂದರೆ) ಟ್ರಕ್ಕು ನಿಂತ ಜಾಗದಲ್ಲೇ ಪ್ರೀಮಿಯಂ ತಿನ್ನುತ್ತದೆ. ಕೋಟ್ ಸಿದ್ಧ ಇಟ್ಟುಕೊಂಡು ಅರ್ಜಿ ಮುಂದಕ್ಕೆ ಹೋದಾಗ ಬೈಂಡ್ ಮಾಡಿ. ಎಲ್‌ಎಲ್‌ಸಿ ಹೆಸರು ಅರ್ಜಿ, ಪಾಲಿಸಿ ಎರಡೂ ಕಡೆ ಅಕ್ಷರಕ್ಕೆ ಅಕ್ಷರ ಒಂದೇ ಇರಲಿ. ವಿಳಾಸದಲ್ಲಿ ಸೂಟ್ ನಂಬರ್ ತಪ್ಪಿದರೂ ಫೈಲಿಂಗ್ ಸಿಕ್ಕಿಕೊಳ್ಳಬಹುದು.

ಪಾಲಿಸಿಗೆ ಸೇರಿಸುವ ಎಂಸಿಎಸ್-90 ಎಂಬ ಫೆಡರಲ್ ಪುಟವನ್ನು ಹೆಚ್ಚುವರಿ ಕವರ್ ಅಂದುಕೊಳ್ಳಬೇಡಿ. ಪಾಲಿಸಿಯ ವ್ಯಾಪ್ತಿಗೆ ಬಾರದ ಅಪಘಾತವಾದರೂ ಗಾಯಗೊಂಡವರಿಗೆ ಕಂಪನಿ ದುಡ್ಡು ಕೊಡುತ್ತದೆ, ಆಮೇಲೆ ಆ ದುಡ್ಡನ್ನು ನಿಮ್ಮಿಂದ ವಸೂಲಿ ಮಾಡುವ ಹಕ್ಕು ಅದಕ್ಕಿರುತ್ತದೆ. ಅದು ರಸ್ತೆಯಲ್ಲಿರುವ ಜನರಿಗೆ ಕೊಟ್ಟ ಜಾಮೀನು.

ಉತ್ತರ: ಪರ್ಮಿಟ್, ಕಂಪ್ಲಯನ್ಸ್ ಕೆಲಸ ನೋಡುವವರು

ಟೆಕ್ಸಾಸ್ ಒಳಗಿನ ಲೋಡಿಗೆ ಫೆಡರಲ್ ಎಂಸಿ ಸಾಲದು. 26,000 ಪೌಂಡ್ ಮೀರಿದ ಟ್ರಕ್ಕು ರಾಜ್ಯದೊಳಗೆ ಬಾಡಿಗೆಗೆ ಓಡಬೇಕಾದರೆ ಟಿಎಕ್ಸ್‌ಡಿಎಂವಿ (ಟೆಕ್ಸಾಸ್ ಮೋಟರ್ ವಾಹನ ಇಲಾಖೆ) ಸರ್ಟಿಫಿಕೇಟ್ ಬೇಕು. ಅಲ್ಲಿನ ಕನಿಷ್ಠ ಲಯಬಿಲಿಟಿ 5,00,000 ಡಾಲರ್. ನಿಮಗೆ ಒಂದು ಮಿಲಿಯನ್ ಇದ್ದರೆ ಮೊತ್ತದ ಚಿಂತೆ ಇಲ್ಲ, ಆದರೆ ಫೈಲಿಂಗ್ ಬೇರೆಯೇ ಆಗಬೇಕು: ಫಾರ್ಮ್ ಇ, ಅಂದರೆ ಲಯಬಿಲಿಟಿ ಇದೆ ಅಂತ ರಾಜ್ಯಕ್ಕೆ ಹೋಗುವ ಪ್ರಮಾಣಪತ್ರ. ಬಿಎಂಸಿ-91ಎಕ್ಸ್ ಇದೆ ಅಂತ ಟೆಕ್ಸಾಸ್ ಸುಮ್ಮನಿರುವುದಿಲ್ಲ.

ಹೊರಗಿನಿಂದ ಬಂದ ಸರಕು ಬೇರೆ ವಿಷಯ. ಲಾಂಗ್ ಬೀಚ್ ಬಂದರಿನಲ್ಲಿ ಇಳಿದ ಕಂಟೇನರ್ ಫ್ರೆಸ್ನೊಗೆ ಹೋಗುವುದು ಕ್ಯಾಲಿಫೋರ್ನಿಯಾ ಒಳಗೇ ಆದರೂ, ಸಾಗಣೆ ವಿದೇಶದಿಂದ ಮುಂದುವರಿದದ್ದಾದರೆ ಅದು ಅಂತರರಾಜ್ಯ ವ್ಯಾಪಾರದ ಲೆಕ್ಕ. ಫ್ರೆಸ್ನೊದಲ್ಲಿ ಬೆಳೆದದ್ದನ್ನು ಲಾಸ್ ಏಂಜಲೀಸ್ ಅಂಗಡಿಗೆ ಒಯ್ದರೆ ರಾಜ್ಯದೊಳಗಿನದು, ಆಗ ಅಲ್ಲಿನ ಡಿಎಂವಿಯ ಮೋಟರ್ ಕ್ಯಾರಿಯರ್ ಪರ್ಮಿಟ್ ಬೇಕು. ಟ್ರಕ್ಕು ರಾಜ್ಯದ ಗಡಿ ದಾಟಿತಾ ಅಂತ ಮಾತ್ರ ನೋಡಿದರೆ ಸಾಲದು, ಸರಕಿನ ಪಯಣ ಎಲ್ಲಿಂದ ಎಲ್ಲಿಗೆ ಅಂತ ನೋಡಬೇಕು.

ಉಳಿದದ್ದು ಬೇಗ ಹೇಳುತ್ತೇನೆ. ಯುಸಿಆರ್ (ಅಂತರರಾಜ್ಯ ಕ್ಯಾರಿಯರ್‌ಗಳ ನೋಂದಣಿ) ವರ್ಷಕ್ಕೊಮ್ಮೆ, ಎರಡು ವಾಹನದವರೆಗೆ 2025ಕ್ಕೆ 46 ಡಾಲರ್. ಅಧಿಕೃತ ಸೈಟ್ ಹಾಗೇ ಕಾಣುವ ಖಾಸಗಿ ಸೈಟ್‌ಗಳು ನೂರಾರು ಡಾಲರ್ ಕೀಳುತ್ತವೆ, ನೋಡಿಕೊಳ್ಳಿ. ಐಆರ್‌ಪಿ ಪ್ಲೇಟ್ (ಹಲವು ರಾಜ್ಯಗಳಿಗೆ ಒಂದೇ ವಾಹನ ನೋಂದಣಿ), ಇಫ್ಟಾ ಎರಡೂ 26,000 ಪೌಂಡ್ ಮೀರಿದ್ದಕ್ಕೆ. ಇಫ್ಟಾ ರಿಟರ್ನ್ ಏಪ್ರಿಲ್ 30, ಜುಲೈ 31, ಅಕ್ಟೋಬರ್ 31, ಜನವರಿ 31ಕ್ಕೆ. ತಡವಾದರೆ 50 ಡಾಲರ್ ಅಥವಾ ತೆರಿಗೆಯ ಶೇ. 10, ಯಾವುದು ಹೆಚ್ಚೋ ಅದು. ಓಡದ ಕ್ವಾರ್ಟರ್‌ಗೂ ಸೊನ್ನೆ ರಿಟರ್ನ್ ಹಾಕಬೇಕು. ಫಾರ್ಮ್ 2290 (ಭಾರಿ ವಾಹನಗಳ ಫೆಡರಲ್ ತೆರಿಗೆ) ನಿಮ್ಮ 80,000 ಪೌಂಡ್ ಟ್ರಕ್ಕಿಗೆ ಪೂರ್ತಿ ವರ್ಷಕ್ಕೆ 550 ಡಾಲರ್. ಜುಲೈಯಿಂದ ಜೂನ್ ವರೆಗಿನ ವರ್ಷ ಅದು. ನಡುವೆ ಟ್ರಕ್ಕು ಕೊಂಡರೆ ಮೊದಲು ಓಡಿಸಿದ ತಿಂಗಳಿಂದ ಲೆಕ್ಕ, ಅದರ ಮುಂದಿನ ತಿಂಗಳ ಕೊನೆಯೊಳಗೆ ಕಟ್ಟಬೇಕು.

ಟೆಕ್ಸಾಸ್‌ನಿಂದ ಪಶ್ಚಿಮಕ್ಕೆ ಹೋಗುವವರು ಮರೆಯುವುದು ನ್ಯೂ ಮೆಕ್ಸಿಕೊವನ್ನು. ಅಲ್ಲಿ 26,000 ಪೌಂಡ್ ಮೀರಿದ್ದಕ್ಕೆ ತೂಕ ಮತ್ತು ದೂರದ ತೆರಿಗೆ ಬೇರೆ ಇದೆ. ಕೆಂಟಕಿಯಲ್ಲಿ 60,000 ಪೌಂಡ್‌ನಿಂದ ಕೆವೈಯು ಎಂಬ ಮೈಲಿ ತೆರಿಗೆ. ಆರೆಗಾನ್, ನ್ಯೂಯಾರ್ಕ್, ಕನೆಕ್ಟಿಕಟ್‌ಗಳಲ್ಲೂ ಇಂಥದ್ದೇ. ಇವಕ್ಕೂ ಇಫ್ಟಾಗೂ ಸಂಬಂಧವಿಲ್ಲ, ಖಾತೆ ಬೇರೆಯೇ ತೆರೆಯಬೇಕು.

ಮತ್ತೆ ಪ್ರಶ್ನೆ

ತುಂಬಾ ಥ್ಯಾಂಕ್ಸ್. ಫಾರ್ಮ್ ಇ ನಾನೇ ಕಳಿಸಬಹುದಾ? ಸಿಒಐ (ಇನ್ಶೂರೆನ್ಸ್ ಇದೆ ಎಂಬ ಸರ್ಟಿಫಿಕೇಟ್) ಕೈಲಿದ್ದರೆ ಸಾಲದೇ? 13,400ರ ಕೋಟ್ ತೆಗೆದು ನೋಡಿದೆ, 7,50,000 ಲಯಬಿಲಿಟಿ, ರೇಡಿಯಸ್ 300, ಕಾರ್ಗೋ ಇಲ್ಲವೇ ಇಲ್ಲ. 21,000ರಲ್ಲಿ ಎಲ್ಲ ಇದೆ, ಆದರೆ ಶೇ. 25 ಮುಂಗಡ ಕೇಳುತ್ತಿದ್ದಾರೆ. ಒಂದು ವರ್ಷ ಟ್ರಕ್ಕು ಸಮೇತ ಬೇರೆ ಕ್ಯಾರಿಯರ್‌ಗೆ (ಸಾಗಣೆ ಕಂಪನಿಗೆ) ಲೀಸ್ ಆಗಿ ಅವರ ಅಥಾರಿಟಿಯಲ್ಲಿ ಓಡಿದರೆ?

ಉತ್ತರ: ಕಮರ್ಷಿಯಲ್ ಇನ್ಶೂರೆನ್ಸ್ ಏಜೆಂಟ್

ಸಿಒಐ ಬ್ರೋಕರ್‌ಗೆ ತೋರಿಸಲು ಮಾತ್ರ. ಫಾರ್ಮ್ ಇ ಕಂಪನಿಯಿಂದಲೇ ರಾಜ್ಯಕ್ಕೆ ಹೋಗಬೇಕು. ರದ್ದಾದರೆ ಫಾರ್ಮ್ ಕೆ ಕಳಿಸುವುದೂ ಅವರೇ.

ಕಂತಿನ ವಿಷಯದಲ್ಲಿ ಹುಷಾರು. ಉಳಿದ ಮುಕ್ಕಾಲು ಪಾಲನ್ನು ಪ್ರೀಮಿಯಂ ಫೈನಾನ್ಸ್ ಕಂಪನಿ ಕಟ್ಟುತ್ತದೆ, ನೀವು ತಿಂಗಳಾ ಅವರಿಗೆ ಕಟ್ಟುತ್ತೀರಿ. ಕಂತು ತಪ್ಪಿದರೆ ನಿಮ್ಮ ಪಾಲಿಸಿ ರದ್ದುಮಾಡುವ ಅಧಿಕಾರ ಅವರ ಕೈಲಿರುತ್ತದೆ. ಇನ್ಶೂರೆನ್ಸ್ ಕಂಪನಿ ಬಿಎಂಸಿ-35 ಎಂಬ ರದ್ದತಿ ನೋಟಿಸ್ ಹಾಕಿದ 30 ದಿನಕ್ಕೆ ಫೈಲಿಂಗ್ ಬಿದ್ದುಹೋಗುತ್ತದೆ. ಹೊಸ ಫೈಲಿಂಗ್ ಬರದಿದ್ದರೆ ಅಥಾರಿಟಿಯೂ ರದ್ದು, ಮತ್ತೆ ಎಬ್ಬಿಸಲು 80 ಡಾಲರ್. ಆ 80 ದೊಡ್ಡದಲ್ಲ. ಮಧ್ಯೆ ಕವರ್ ಇಲ್ಲದ ದಿನಗಳು ದಾಖಲೆಯಲ್ಲಿ ಉಳಿದು ಮುಂದಿನ ವರ್ಷದ ದರ ಏರಿಸುತ್ತವೆ, ಅದು ದೊಡ್ಡದು.

ಸಿಡಿಎಲ್‌ಗೆ ಎರಡು ವರ್ಷ ತುಂಬಲು ಇನ್ನು 10 ತಿಂಗಳಿರುವಾಗ ಲೀಸ್ ಒಳ್ಳೆಯ ಯೋಚನೆ. ಕ್ಯಾರಿಯರ್ ಕೆಲಸದಲ್ಲಿರುವಾಗ ಜನರ ಮೇಲಿನ ಲಯಬಿಲಿಟಿ ಅವರದು. ನಿಮಗೆ ಬೇಕಾದದ್ದು ಫಿಸಿಕಲ್ ಡ್ಯಾಮೇಜ್ ಮತ್ತು ನಾನ್-ಟ್ರಕಿಂಗ್ ಲಯಬಿಲಿಟಿ. ಇದನ್ನು ಬಾಬ್‌ಟೇಲ್ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಬಾಬ್‌ಟೇಲ್ ಟ್ರೇಲರ್ ಇಲ್ಲದೆ ಓಡುವಾಗಿನದು, ನಾನ್-ಟ್ರಕಿಂಗ್ ಸ್ವಂತ ಕೆಲಸಕ್ಕೆ ಓಡಿಸುವಾಗಿನದು. ಲೋಡ್ ಇಳಿಸಿ ಮುಂದಿನ ಲೋಡ್ ಎತ್ತಲು ಖಾಲಿ ಹೋಗುವಾಗ ಡಿಕ್ಕಿಯಾದರೆ ಅದು ಕೆಲಸವೇ ಅಂತ ನಾನ್-ಟ್ರಕಿಂಗ್ ಕಂಪನಿ ಕೈ ಎತ್ತುತ್ತದೆ. ಯಾವುದು ಬೇಕೆಂದು ಲೀಸ್ ಒಪ್ಪಂದದ ಇನ್ಶೂರೆನ್ಸ್ ಭಾಗದಲ್ಲೇ ಬರೆದಿರಬೇಕು. ಅವರ ಮೂಲಕ ತೆಗೆದ ಇನ್ಶೂರೆನ್ಸ್‌ಗೆ ನಿಮ್ಮ ಸೆಟಲ್‌ಮೆಂಟ್‌ನಿಂದ (ಅವರು ನಿಮಗೆ ಕೊಡುವ ದುಡ್ಡಿನಿಂದ) ಹಿಡಿಯುವುದಾದರೆ, ಆ ಪಾಲಿಸಿಯ ಪ್ರತಿ ಕೇಳಿ ತೆಗೆದುಕೊಳ್ಳುವ ಹಕ್ಕು ನಿಮಗಿದೆ. ಸಹಿ ಹಾಕುವ ಮೊದಲೇ ಆ ಪುಟ ಇಲ್ಲಿ ಹಾಕಿ, ಹೆಸರು ಅಳಿಸಿ. ಸಾಲು ಸಾಲಾಗಿ ನೋಡೋಣ.