ಸಹಾಯ ಬೇಕು: ಬ್ಯಾಂಕ್ ವಿಲೀನದ ಮೊದಲು, ಆಮೇಲೆ – ಲಾಭ ಹೋಲಿಸೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನಲ್ಲಿ ಎಂ.ಕಾಂ ಕೊನೆಯ ವರ್ಷ ಓದುತ್ತಿದ್ದೇನೆ. ಕೆನರಾ ಬ್ಯಾಂಕ್ ಜೊತೆ ಸಿಂಡಿಕೇಟ್ ಬ್ಯಾಂಕ್ ಸೇರಿದ ಮೇಲೆ ಲಾಭ, ಕೆಲಸದ ದಕ್ಷತೆ ಏನಾಯಿತು ಅನ್ನೋದು ನನ್ನ ಪ್ರಾಜೆಕ್ಟ್. ನಮ್ಮ ಅಜ್ಜ ಸಿಂಡಿಕೇಟ್‌ನಲ್ಲಿ ಪಿಗ್ಮಿ ಕಟ್ಟುತ್ತಿದ್ದರು, ಹಾಗಾಗಿ ಈ ವಿಷಯ ನನಗೆ ತುಂಬಾ ಹತ್ತಿರ.

ವಿಲೀನ ಆಗಿದ್ದು 2020ರ ಏಪ್ರಿಲ್ 1ರಂದು. ಕೆನರಾ 2019-20ರಲ್ಲಿ 2,236 ಕೋಟಿ ನಷ್ಟ ತೋರಿಸಿತ್ತು. ಮರುವರ್ಷವೇ ಸುಮಾರು 2,558 ಕೋಟಿ ಲಾಭ. 2023-24ಕ್ಕೆ ಲಾಭ 14,554 ಕೋಟಿ. ನೋಡಿದರೆ ವಿಲೀನದಿಂದಲೇ ಎಲ್ಲ ಸರಿಹೋಯಿತು ಅನಿಸುತ್ತದೆ, ಅಲ್ವಾ? ಆದರೆ ಅದೇ ವರ್ಷಗಳಲ್ಲಿ ವಿಲೀನವಾಗದ ಸರ್ಕಾರಿ ಬ್ಯಾಂಕುಗಳ ಲಾಭವೂ ಏರಿದೆ. ಹಳೆಯ ವಸೂಲಾಗದ ಸಾಲಗಳಿಗೆ ಮೊದಲೇ ಹಣ ತೆಗೆದಿಟ್ಟಾಗಿತ್ತು, ಹೊಸ ಎನ್‌ಪಿಎ (ವಸೂಲಾಗದ ಸಾಲ) ಕಡಿಮೆಯಾಯಿತು. ಮಧ್ಯೆ ಕೋವಿಡ್ ಬೇರೆ. ಇದರಲ್ಲಿ ವಿಲೀನದ ಪಾಲೆಷ್ಟು?

ನನ್ನ ಯೋಚನೆ ಹೀಗಿದೆ. 2020ಕ್ಕಿಂತ ಮೊದಲಿನ ವರ್ಷಗಳಿಗೆ ಎರಡೂ ಬ್ಯಾಂಕುಗಳ ಲಾಭ ಕೂಡಿಸಿ, ಎರಡರ ಒಟ್ಟು ಆಸ್ತಿಯಿಂದ ಭಾಗಿಸುವುದು. ಸುಮ್ನೆ ಒಂದೊಂದು ಬ್ಯಾಂಕಿಗೂ ಈ ಅನುಪಾತ ಬೇರೆಬೇರೆ ಲೆಕ್ಕಹಾಕಿ ಸರಾಸರಿ ತೆಗೆದರೆ ತಪ್ಪಾಗುತ್ತದೆ. ಹೋಲಿಕೆಗೆ ಬ್ಯಾಂಕ್ ಆಫ್ ಇಂಡಿಯಾ, ಬ್ಯಾಂಕ್ ಆಫ್ ಮಹಾರಾಷ್ಟ್ರ ಇಟ್ಟುಕೊಂಡಿದ್ದೇನೆ. ಇವು 2020ರ ಸರ್ಕಾರಿ ಬ್ಯಾಂಕುಗಳ ವಿಲೀನಗಳಲ್ಲಿ ಇರಲಿಲ್ಲ. ಈ ದಾರಿ ಸರಿನಾ?

ಇನ್ನೊಂದು, ಸಿಂಡಿಕೇಟ್ ಬ್ಯಾಂಕಿನ 2015ರಿಂದ 2019ರವರೆಗಿನ ವಾರ್ಷಿಕ ವರದಿಗಳು ಯಾರ ಹತ್ತಿರವಾದರೂ ಇದ್ದರೆ ದಯವಿಟ್ಟು ತಿಳಿಸಿ. ಆ ಬ್ಯಾಂಕಿನಲ್ಲಿ ಕೆಲಸ ಮಾಡಿದ ಹಿರಿಯರು ಇಲ್ಲಿದ್ದರೆ, ಶಾಖೆಗಳನ್ನು ಒಟ್ಟು ಮಾಡಿದಾಗ ಖರ್ಚು ನಿಜಕ್ಕೂ ಇಳಿಯಿತಾ ಅಂತ ನಿಮ್ಮಿಂದಲೇ ಕೇಳಬೇಕು. ನೀವು ಹೇಳಿದ ಜಾಗಕ್ಕೆ ನಾನೇ ಬರುತ್ತೇನೆ.