ಅಪ್‌ಡೇಟ್: ಮಿಗ್-21ಕ್ಕೆ ಬಣ್ಣ ಹಿಡಿಯಿತು!

ಕಡಿಮೆ ಬೆಲೆಯ 1/72 ಅಳತೆಯ (ಅಸಲಿಗಿಂತ 72 ಪಟ್ಟು ಚಿಕ್ಕ) ಮಿಗ್-21 ಯುದ್ಧವಿಮಾನದ ಪ್ಲಾಸ್ಟಿಕ್ ಮಾದರಿ ಕಿಟ್‌ಗೆ ಬಣ್ಣ ಯಾಕೆ ನಿಲ್ಲುತ್ತಿಲ್ಲ ಅಂತ ಕೇಳಿದ್ದೆ. ನೀವು ಹೇಳಿದಂತೆ ಬಿಡಿಭಾಗಗಳನ್ನು ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ತೊಳೆದೆ. ಬಣ್ಣ ಹಿಡಿಯದಂತೆ ಮಾಡುತ್ತಿದ್ದ ಅಚ್ಚಿನ ಎಣ್ಣೆ ಜಿಡ್ಡು ಹೋಯಿತು. ಆಮೇಲೆ ಹುಬ್ಬಳ್ಳಿಯ ದುರ್ಗದ ಬೈಲ್ ಹತ್ತಿರ ಸಿಕ್ಕ ಬೂದು ಪ್ರೈಮರ್ (ಬಣ್ಣಕ್ಕೆ ಮುಂಚಿನ ತಳಪದರ) ಸ್ಪ್ರೇ, ಅದರ ಮೇಲೆ ತೆಳ್ಳಗೆ ಅಕ್ರಿಲಿಕ್. ಈಗ ಉಗುರಿಂದ ಕೆರೆದರೂ ಏಳುವುದಿಲ್ಲ. ಹುಬ್ಬಳ್ಳಿ ಮಳೆಗಾಲದಲ್ಲಿ ಒಣಗಲು ಜಾಸ್ತಿ ಹೊತ್ತು ಬೇಕು, ಅವಸರ ಮಾಡಬೇಡ್ರಿ.

ಡೆಕಾಲ್‌ಗೆ (ನೀರಲ್ಲಿ ನೆನೆಸಿ ಅಂಟಿಸುವ ಗುರುತಿನ ಚಿತ್ರ) ಮುಂಚೆ ಹೊಳಪಿನ ವಾರ್ನಿಷ್ ಹಚ್ಚಿ ಅಂದವರಿಗೆ ದೊಡ್ಡ ಥ್ಯಾಂಕ್ಸ್! ವಾಯುಪಡೆಯ ಕೇಸರಿ-ಬಿಳಿ-ಹಸಿರು ವೃತ್ತದ ಅಂಚು ಕಾಣುವುದೇ ಇಲ್ಲ, ಕೈಯಲ್ಲೇ ಬರೆದ ಹಾಗಿದೆ. 1963ರಿಂದ 2025ರವರೆಗೆ ನಮ್ಮ ವಾಯುಪಡೆಯಲ್ಲಿದ್ದ ವಿಮಾನ. ಗುರುತು ಅಚ್ಚುಕಟ್ಟಾಗಿ ಕೂರಲೇಬೇಕು ಅಲ್ವಾ?

ಕಿಟ್‌ನ ಪಿಟೋ ಕೊಳವೆ (ವಿಮಾನದ ಮುಂದೆ ಚಾಚಿರುವ, ವೇಗ ಅಳೆಯುವ ಕಡ್ಡಿ) ಮಾತ್ರ ತೀರಾ ದಪ್ಪ. ಅದರ ಬದಲು ಇಂಜೆಕ್ಷನ್ ಸೂಜಿ ಕೂರಿಸುತ್ತಿದ್ದೇನೆ.